ಗ್ರಂಥಪಾಲಕನ ಹೊಸ ಓದು
(ಬಾನುಲಿ ಭಾಷಣ)

ಗ್ರಂಥಪಾಲಕ ಎಂಬ ಮಾತಿನಲ್ಲಿ ಕಾಯುವುದರ ಅರ್ಥವೇ ಎದ್ದು ಕಾಣುತ್ತದೆ. ಗೋಪಾಲಕ ಗೋವುಗಳನ್ನು ಕಾಯುವಂತೆ ಗ್ರಂಥಪಾಲಕ ಗ್ರಂಥಗಳನ್ನು ಕಾಯುವವನು ಎಂದು ಜನ ತಿಳಿದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಗೆದ್ದಲು, ಧೂಳು, ಮಳೆಗಾಲದ ತೇವ, ಚಿತ್ರವಿರುವ ಪುಟವನ್ನು ಹರಿದುಕೊಂಡು ಹೋಗುವ ಓದುಗ, ಇವೆಲ್ಲವುಗಳಿಂದ ಪುಸ್ತಕಗಳನ್ನು ಕಾಪಾಡುವುದರಲ್ಲಿಯೇ ನಮ್ಮ ಆಯುಷ್ಯದ ಅರ್ಧ ಕಳೆದುಹೋಗುತ್ತದೆ. ಆದರೆ ಗೋವಳನಿಗೂ ನಮಗೂ ಒಂದು ವ್ಯತ್ಯಾಸವುಂಟು. ಸಂಜೆಗೆ ದನಗಳೆಲ್ಲ ಕೊಟ್ಟಿಗೆ ಸೇರಿದರೆ ಅವನಿಗೆ ಸಮಾಧಾನ. ನಮ್ಮ ಪುಸ್ತಕಗಳೆಲ್ಲ ಕಪಾಟಿನಲ್ಲಿಯೇ ಇದ್ದರೆ ನಮ್ಮ ಕೆಲಸ ಕೆಟ್ಟಿತೆಂದೇ ಅರ್ಥ.

ಈ ವಿವೇಕವನ್ನು ನಮ್ಮ ವೃತ್ತಿಗೆ ಕಲಿಸಿದವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿಗಾಗಿ ಒಂದು ಕೇಂದ್ರವನ್ನು ಸ್ಥಾಪಿಸಿದರು. 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಪುಸ್ತಕವಿರುವುದು ಬಳಕೆಗಾಗಿ ಎಂಬುದು ಅವರ ಮೊದಲ ಸೂತ್ರ. ಗ್ರಂಥಾಲಯವು ಬೆಳೆಯುತ್ತಿರುವ ಒಂದು ಜೀವಿ ಎಂಬುದು ಕೊನೆಯದು. ನಾವು ಪರೀಕ್ಷೆಗಾಗಿ ಈ ಸೂತ್ರಗಳನ್ನು ಬಾಯಿಪಾಠ ಮಾಡಿದಾಗ, ಬೆಳೆಯುವುದೆಂದರೆ ಹೊಸ ಕಪಾಟುಗಳನ್ನು ಮಾಡಿಸುವುದು ಎಂದು ತಿಳಿದಿದ್ದೆವು. ಈಗಿನ ಓದುಗ ಅಂಗೈಯಲ್ಲಿ ಇನ್ನೊಂದು ಗ್ರಂಥಾಲಯವನ್ನು ಹಿಡಿದುಕೊಂಡೇ ನಮ್ಮ ಬಾಗಿಲೊಳಗೆ ಬರುತ್ತಾನೆ. ಅವನೆದುರು ನಾವು ಹೇಗೆ ಬೆಳೆಯಬೇಕೆಂಬುದು ಬೇರೆಯೇ ಪ್ರಶ್ನೆ.

ಈ ಪ್ರಶ್ನೆಯನ್ನು ಮೊದಲೇ ಎದುರಿಸಿದ ಗ್ರಂಥಾಲಯವೊಂದರ ಕಥೆ ಹೇಳುವಂಥದು. ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಷಾರ್ಲಟ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಹೆಲೀನ್ ಬ್ಲೋವರ್ಸ್ ಎಂಬಾಕೆ ತಂತ್ರಜ್ಞಾನದ ಹೊಣೆ ಹೊತ್ತಿದ್ದರು. 2006ರಲ್ಲಿ ಅವರು ತಮ್ಮ ಸಿಬ್ಬಂದಿಯ ಮುಂದೆ ಇಪ್ಪತ್ತಮೂರು ಪುಟ್ಟ ಕೆಲಸಗಳ ಒಂದು ಪಟ್ಟಿಯನ್ನಿಟ್ಟರು. ಅಂತರ್ಜಾಲದಲ್ಲಿ ಸ್ವಂತ ದಿನಚರಿಯೊಂದನ್ನು ತೆರೆಯುವುದು, ಒಂದು ಚಿತ್ರವನ್ನು ಹಂಚಿಕೊಳ್ಳುವುದು, ತಮ್ಮ ಪುಸ್ತಕಗಳನ್ನು ಲೈಬ್ರರಿಥಿಂಗ್ ಎಂಬ ತಾಣದಲ್ಲಿ ಪಟ್ಟಿಮಾಡುವುದು, ಹಲವರು ಕೂಡಿ ಬರೆಯುವ ವಿಕಿಯಲ್ಲಿ ಒಂದು ಸಾಲು ಸೇರಿಸುವುದು, ಹೀಗೆ. ಪರೀಕ್ಷೆಯಿಲ್ಲ, ಬೆತ್ತ ಹಿಡಿದ ಉಪಾಧ್ಯಾಯನಿಲ್ಲ. ಆಡುತ್ತ ಕಲಿಯಿರಿ, ಕಲಿತದ್ದನ್ನು ನಿಮ್ಮ ದಿನಚರಿಯಲ್ಲಿ ಬರೆಯಿರಿ ಎಂಬುದಷ್ಟೇ ನಿಯಮ. ಗಡುವಿನೊಳಗೆ ಪಟ್ಟಿಯನ್ನು ಪೂರೈಸಿದವರಿಗೆ ಹಾಡು ಕೇಳುವ ಒಂದು ಪುಟ್ಟ ಯಂತ್ರ ಬಹುಮಾನ. ಯಾರು ಬೇಕಾದರೂ ಬಳಸಿಕೊಳ್ಳಬಹುದೆಂದು ಪಟ್ಟಿಯನ್ನು ಬಿಟ್ಟುಕೊಟ್ಟದ್ದರಿಂದ, ಆಸ್ಟ್ರೇಲಿಯ ಮೊದಲಾದ ದೇಶಗಳ ಗ್ರಂಥಾಲಯಗಳೂ ಅದನ್ನು ತಮ್ಮದಾಗಿಸಿಕೊಂಡವು.

ಈ ಕಥೆಯಲ್ಲಿ ನನಗೆ ಸ್ವಾರಸ್ಯವೆನಿಸುವುದು ಅದರ ಉತ್ತರಾರ್ಧ. ಆ ಕಾಲದಲ್ಲಿ ಹೊಸದೆಂದು ಕಲಿತ ಸಾಧನಗಳಲ್ಲಿ ಹಲವು ಇಂದು ಇಲ್ಲ. ಸುದ್ದಿಗಳನ್ನು ಆರಿಸಿ ಕೂಡಿಸಿಕೊಡುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ನಿಂತಿತು. ನಮ್ಮ ದೇಶದ ತರುಣರಿಗೆ ಮನೆಮಾತಾಗಿದ್ದ ಆರ್ಕುಟ್ 2014ರಲ್ಲಿ ಕದ ಮುಚ್ಚಿತು. ಟ್ವಿಟರ್ 2023ರಲ್ಲಿ ತನ್ನ ಹೆಸರನ್ನೇ ಬದಲಿಸಿಕೊಂಡಿತು. ಹಾಗಾದರೆ ಕಲಿತವರ ಶ್ರಮ ವ್ಯರ್ಥವಾಯಿತೆ? ಇಲ್ಲವೆಂದು ನನ್ನ ನಂಬಿಕೆ. ಈಜು ಕಲಿತ ಕೆರೆ ಬತ್ತಿದರೂ ಈಜು ಮರೆಯುವುದಿಲ್ಲ. ಅವರು ಕಲಿತದ್ದು, ಗುರುತಿಲ್ಲದ ಯಂತ್ರದ ಮುಂದೆ ಅಂಜದೆ ಕೂಡುವುದನ್ನು.

ಮೂವತ್ತು ವರ್ಷಗಳಿಂದ ಗ್ರಂಥಾಲಯದ ಮೇಜಿನ ಹಿಂದೆ ಕುಳಿತಿರುವ ನಾನು, ಕೆಲವು ವರ್ಷಗಳ ಹಿಂದೆ ನನ್ನದೇ ಒಂದು ಪಟ್ಟಿಯನ್ನು ಮಾಡಿಕೊಂಡೆ. ನಮ್ಮದು ಸಣ್ಣ ಊರು. ಕಲಿಸುವವರೂ ಇರಲಿಲ್ಲ, ಬಹುಮಾನ ಕೊಡುವವರೂ ಇರಲಿಲ್ಲ. ಪಟ್ಟಿಯ ಮೊದಲ ಕೆಲಸ ಕನ್ನಡವನ್ನು ಬೆರಳಚ್ಚಿಸುವುದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ವ್ಯಂಜನದ ಕೀಲಿಯ ಬಳಿಕ ಸ್ವರದ ಕೀಲಿಯನ್ನು ಒತ್ತಿದರೆ ಗುಣಿತಾಕ್ಷರ ತಾನಾಗಿ ಮೂಡುತ್ತದೆ. ಒಂದನೆಯ ತರಗತಿಯ ಕಾಗುಣಿತವನ್ನು ಮುಪ್ಪಿನ ಹೊಸ್ತಿಲಲ್ಲಿ ಮತ್ತೊಮ್ಮೆ ತಿದ್ದಿದಂತಾಯಿತು. ಹಿಂದೆ ಒಂದೊಂದು ಅಕ್ಷರವಿನ್ಯಾಸಕ್ಕೂ ಒಂದೊಂದು ಸಂಕೇತಪದ್ಧತಿಯಿತ್ತು. ಒಂದು ಯಂತ್ರದಲ್ಲಿ ಬರೆದ ಪುಸ್ತಕಪಟ್ಟಿ ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದ್ದರೂ, ಅದು ನಮ್ಮಂಥವರ ಮೇಜಿನವರೆಗೆ ಬರಲು ಬಹಳ ಕಾಲ ಹಿಡಿಯಿತು.

ಪಟ್ಟಿಯ ಎರಡನೆಯ ಕೆಲಸ ನನ್ನನ್ನು ಹೊಸ ಲೋಕಕ್ಕೆ ಕರೆದೊಯ್ಯುವುದೆಂದು ಎಣಿಸಿದ್ದೆ. ಅದು ಕರೆದೊಯ್ದದ್ದು ನನ್ನ ಹಳೆಯ ಮನೆಗೇ. ಕಾರ್ಡುಗಳ ಸಾಲುಪೆಟ್ಟಿಗೆಗಳನ್ನು ಕಂಡವರಿಗೆ ಅದರಲ್ಲಿ 'ನೋಡಿ' ಎಂಬ ಒಂದು ಬಗೆಯ ಕಾರ್ಡು ಇರುತ್ತಿದ್ದುದು ನೆನಪಿರಬಹುದು. ಕನ್ನಡದಲ್ಲಿ ಕಾವ್ಯನಾಮದ ಸಂಭ್ರಮ ಹೆಚ್ಚು. ಬೇಂದ್ರೆಯವರು ಅಂಬಿಕಾತನಯದತ್ತರು, ಮಾಸ್ತಿಯವರು ಶ್ರೀನಿವಾಸರು, ಬೆಟಗೇರಿ ಕೃಷ್ಣಶರ್ಮರು ಆನಂದಕಂದರು, ತ್ರಿವೇಣಿಯವರು ಅನಸೂಯಾ ಶಂಕರ್, ಬೀchiಯವರು ರಾಯಸಂ ಭೀಮಸೇನರಾಯರು. ಓದುಗ ಯಾವ ಹೆಸರಿನಿಂದ ಹುಡುಕಿಕೊಂಡು ಬಂದರೂ ಅವನನ್ನು ಕೈಹಿಡಿದು ಸರಿಯಾದ ಕಪಾಟಿಗೆ ಮುಟ್ಟಿಸುವುದು ಆ ಕಾರ್ಡಿನ ಕೆಲಸ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಒಳಗು ಹೊರಗುಗಳನ್ನು ನೋಡುತ್ತ ಕುಳಿತಾಗ, ಒಂದು ಹೆಸರನ್ನು ಒತ್ತಿದರೆ ಇನ್ನೊಂದು ಹೆಸರಿನ ಪುಟಕ್ಕೆ ಒಯ್ಯುವ ಏರ್ಪಾಟನ್ನು ಕಂಡೆ. ಅದು ನಮ್ಮ 'ನೋಡಿ' ಕಾರ್ಡೇ! ಹಾಗೆಯೇ, ತರುಣರು ತಮ್ಮ ಬರಹದ ತುದಿಗೆ ಅಂಟಿಸುವ ವಿಷಯದ ಗುರುತುಗಳು ನಮ್ಮ ವಿಷಯಶೀರ್ಷಿಕೆಗಳ ಮೊಮ್ಮಕ್ಕಳು. ನಮ್ಮಲ್ಲಿ ಅವನ್ನು ಗ್ರಂಥಪಾಲಕ ಕೊಡುತ್ತಿದ್ದ, ಇಲ್ಲಿ ಓದುಗನೇ ಕೊಡುತ್ತಾನೆ. ಅಷ್ಟೇ ಭೇದ.

ವಿಕಿಪೀಡಿಯದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿದೆ. ಹಳೆಯ ಲೇಖಕರನ್ನು ಕುರಿತ ಎಷ್ಟೋ ಲೇಖನಗಳಲ್ಲಿ ಮಾತುಗಳಿವೆ, ಆ ಮಾತುಗಳಿಗೆ ಆಧಾರವಿಲ್ಲ. ಆಧಾರವೆಂದರೆ ಯಾವ ಪುಸ್ತಕ, ಯಾವ ವರ್ಷದ ಮುದ್ರಣ, ಯಾವ ಪುಟ ಎಂಬಿಷ್ಟೇ. ಅದು ಎಲ್ಲಿದೆ? ನಮ್ಮಂಥ ಸಣ್ಣ ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿದೆ. ಹೊಟ್ಟಿಗೆ ಬಿದ್ದ ಹಳೆಯ ರಟ್ಟಿನ ಪುಸ್ತಕವನ್ನು ತೆಗೆದು, ಪುಟಸಂಖ್ಯೆಯನ್ನು ಗುರುತಿಸಿ, ಲೇಖನದ ಕೆಳಗೆ ಬರೆದರೆ ಕೆಲಸ ಮುಗಿಯಿತು. ಇದಕ್ಕೆ ಪಾಂಡಿತ್ಯ ಬೇಡ, ತಾಳ್ಮೆ ಸಾಕು.

ಆದರೆ ಪುಟಸಂಖ್ಯೆಯ ನಿಜವಾದ ಬೆಲೆ ನನಗೆ ತಿಳಿದದ್ದು ವಾಟ್ಸಾಪಿನಿಂದ. ನಮ್ಮ ಓದುಗರದೊಂದು ಬಳಗವನ್ನು ಅದರಲ್ಲಿ ಕಟ್ಟಿದ್ದೇವೆ. ಹೊಸ ಪುಸ್ತಕಗಳು ಬಂದುದನ್ನು ತಿಳಿಸುವುದು ಅದರ ಉದ್ದೇಶ. ಬಳಗದ ಹಿರಿಯರೊಬ್ಬರು, ನಿವೃತ್ತ ಮೇಷ್ಟರು, ಪ್ರತಿದಿನ ಬೆಳಿಗ್ಗೆ ಒಂದು ಸುಭಾಷಿತವನ್ನು ಕಳುಹಿಸುತ್ತಾರೆ. ಒಂದು ದಿನ ಬಸವಣ್ಣನವರ ಚಿತ್ರದ ಕೆಳಗೆ ನಾಲ್ಕು ಸಾಲುಗಳು ಬಂದವು. ಮಾತು ಒಳ್ಳೆಯದೇ, ಆದರೆ ನುಡಿಯ ಬಿಗಿ ವಚನದ್ದಲ್ಲ, ಕೊನೆಯಲ್ಲಿ ಕೂಡಲಸಂಗಮದೇವನ ಅಂಕಿತವೂ ಇಲ್ಲ. ಹಿಂದೆ ಆಗಿದ್ದರೆ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟವನ್ನು ಮಗುಚುತ್ತ ವಾರಗಟ್ಟಲೆ ಕೂಡಬೇಕಿತ್ತು. ಈಗ ವಚನ ಸಂಚಯ ಎಂಬ ಜಾಲತಾಣವುಂಟು. ಅದರಲ್ಲಿ ಒಂದು ಪದವನ್ನು ಕೊಟ್ಟರೆ ಆ ಪದ ಯಾವ ಯಾವ ವಚನಕಾರರ ಯಾವ ಯಾವ ವಚನಗಳಲ್ಲಿ ಬಂದಿದೆಯೆಂದು ತೋರಿಸುತ್ತದೆ. ಹುಡುಕಿದೆ. ಆ ಸಾಲುಗಳು ಎಲ್ಲಿಯೂ ಇರಲಿಲ್ಲ.

ಇದನ್ನು ಹೇಳುವುದು ಹೇಗೆ? ಬಳಗದ ನಡುವೆ ಹಿರಿಯರ ಮಾತನ್ನು ಸುಳ್ಳೆಂದರೆ ಅವರಿಗೆ ನೋವು. ಸುಮ್ಮನಿದ್ದರೆ ನಾನು ಕುಳಿತ ಕುರ್ಚಿಗೆ ದ್ರೋಹ. "ಮೇಷ್ಟರೇ, ತಾವು ಕಳುಹಿಸಿದ ವಚನ ಯಾವ ಸಂಪುಟದಲ್ಲಿದೆಯೋ ನನಗೆ ಸಿಗುತ್ತಿಲ್ಲ. ಬಿಡುವಾದಾಗ ದಯಮಾಡಿಸಿ, ಕೂಡಿ ಹುಡುಕೋಣ" ಎಂದು ಅವರೊಬ್ಬರಿಗೇ ಬರೆದೆ. ಮರುದಿನವೇ ಬಂದರು. ಇಬ್ಬರೂ ಸಂಪುಟಗಳನ್ನು ಹರಡಿಕೊಂಡು ಕುಳಿತೆವು. ಮಧ್ಯಾಹ್ನದ ಹೊತ್ತಿಗೆ ಮೇಷ್ಟರು ಕನ್ನಡಕ ತೆಗೆದು, "ಇದು ಅಣ್ಣನ ಮಾತಲ್ಲಪ್ಪ" ಎಂದರು. ಅಂದಿನಿಂದ ಅವರ ಸುಭಾಷಿತದ ಕೆಳಗೆ ಪುಸ್ತಕದ ಹೆಸರೂ ಪುಟಸಂಖ್ಯೆಯೂ ಇರುತ್ತವೆ.

ಎಲ್ಲರೂ ಮೇಷ್ಟರಂತಲ್ಲ. ಭಾವ ಚೆನ್ನಾಗಿದ್ದರೆ ಸಾಲದೆ, ಯಾರು ಬರೆದರೇನು ಎಂದು ಕೇಳಿದವರಿದ್ದಾರೆ. ಇದು ತಳ್ಳಿಹಾಕುವಂಥ ಮಾತಲ್ಲ. ಆದರೆ ಅಂಕಿತವೆಂದರೆ ಅಲಂಕಾರವಲ್ಲ. ಈ ಮಾತಿಗೆ ನಾನು ಹೊಣೆ ಎಂಬ ರುಜು. ಬೇರೊಬ್ಬರ ಮಾತಿಗೆ ಬಸವಣ್ಣನವರ ಹೆಸರನ್ನು ಹಚ್ಚುವುದು ಅವರ ರುಜುವನ್ನು ನಕಲು ಮಾಡಿದಂತೆ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ, ಓದಿ, ಹೋಲಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದದ್ದು ಯಾರ ಮಾತು ಯಾರದು ಎಂಬುದು ಉಳಿಯಲಿ ಎಂದಲ್ಲವೆ? ಒಂದು ಜೀವಮಾನದ ಆ ದುಡಿಮೆಯನ್ನು ಒಂದು ಬೆಳಗಿನ ಬೆರಳಾಟ ಕಲಕಿಬಿಡಬಹುದು. ಅದನ್ನು ಮತ್ತೆ ತಿಳಿಮಾಡುವುದೂ ಅದೇ ಬೆರಳಿನಿಂದ ಸಾಧ್ಯವೆಂಬುದು ಸಮಾಧಾನದ ಸಂಗತಿ.

ಇಷ್ಟು ಕಲಿತ ಮೇಲೆ, ಯಾವುದನ್ನು ಕಲಿತರೂ ಬಳಸಬಾರದು ಎಂಬ ವಿಚಾರವೂ ಬಂತು. ನಮ್ಮಲ್ಲಿ ಪುಸ್ತಕ ಎರವಲು ಕೊಡುವುದಕ್ಕೆ ಬ್ರೌನ್ ಪದ್ಧತಿ ಎಂಬುದೊಂದಿತ್ತು. ಪುಸ್ತಕದ ಚೀಟಿಯನ್ನು ಓದುಗನ ಟಿಕೆಟಿನ ಚೀಲದೊಳಗಿಟ್ಟು ತಟ್ಟೆಯಲ್ಲಿ ಜೋಡಿಸುತ್ತಿದ್ದೆವು. ಪುಸ್ತಕ ಮರಳಿ ಬಂದೊಡನೆ ಚೀಟಿ ಪುಸ್ತಕಕ್ಕೆ, ಟಿಕೆಟು ಓದುಗನಿಗೆ. ಯಾರು ಏನು ಓದಿದರೆಂಬುದಕ್ಕೆ ಕುರುಹೇ ಉಳಿಯುತ್ತಿರಲಿಲ್ಲ. ಇದು ಆ ಪದ್ಧತಿಯ ದೋಷವೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಈಗ ಯೋಚಿಸಿದರೆ ಅದೇ ಅದರ ಗುಣ. ಮಗನ ಕಾಯಿಲೆಯನ್ನು ಕುರಿತು ಓದುವ ತಾಯಿ, ಮನೆಯವರು ಒಪ್ಪದ ವಿಚಾರವನ್ನು ಓದುವ ತರುಣ, ಇಬ್ಬರಿಗೂ ಆ ಮರೆವು ಒಂದು ಆಸರೆಯಾಗಿತ್ತು. ಸಾಮಾಜಿಕ ಜಾಲತಾಣಗಳಿಗೆ ಮರೆವಿಲ್ಲ. ಏನನ್ನು ಓದಿದೆ, ಎಷ್ಟು ಹೊತ್ತು ನೋಡಿದೆ, ಯಾವುದಕ್ಕೆ ಮೆಚ್ಚುಗೆಯೊತ್ತಿದೆ ಎಂಬುದೆಲ್ಲವೂ ಅವುಗಳ ಕಡತದಲ್ಲಿರುತ್ತದೆ. ಆದಕಾರಣ ನಮ್ಮ ಬಳಗದಲ್ಲಿ ಯಾರು ಯಾವ ಪುಸ್ತಕ ಒಯ್ದರೆಂದು ನಾನು ಬರೆಯುವುದಿಲ್ಲ. ಓದುತ್ತ ಕುಳಿತವರ ಭಾವಚಿತ್ರವನ್ನು ಅವರನ್ನು ಕೇಳದೆ ಹಾಕುವುದಿಲ್ಲ.

ಹಾಗೆಯೇ ಪುಸ್ತಕಗಳ ನಕಲು. ಬಿ. ಎಂ. ಶ್ರೀಯವರು ತೀರಿಕೊಂಡದ್ದು 1946ರಲ್ಲಿ. ನಮ್ಮ ಕಾಯಿದೆಯಂತೆ ಲೇಖಕ ತೀರಿಕೊಂಡ ವರ್ಷದ ಬಳಿಕ ಅರವತ್ತು ವರ್ಷ ಗ್ರಂಥಸ್ವಾಮ್ಯವಿರುವುದರಿಂದ ಅವರ ಕೃತಿಗಳು ಈಗ ನಾಡಿನ ಸೊತ್ತು. ಅವನ್ನು ಸಂತೋಷದಿಂದ ಹಂಚಬಹುದು. ಆದರೆ ನಿನ್ನೆ ಮೊನ್ನೆ ಬಂದ ಕಾದಂಬರಿಯನ್ನು ಪಟ ಹಿಡಿದು ಬಳಗಕ್ಕೆ ತೇಲಿಬಿಟ್ಟರೆ, ಸಾಲ ಮಾಡಿ ಸಾವಿರ ಪ್ರತಿ ಅಚ್ಚುಹಾಕಿಸಿದ ಪ್ರಕಾಶಕನ ಮನೆಯ ಒಲೆಗೆ ನೀರೆರೆದಂತೆ.

ಪಟ್ಟಿಗೆ ತೀರ ಈಚೆಗೆ ಸೇರಿದ್ದು ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಯಂತ್ರ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ವಿದ್ಯಾರ್ಥಿಗಳು ಅದರಿಂದ ಪುಸ್ತಕಪಟ್ಟಿಯನ್ನು ಬರೆಯಿಸಿಕೊಂಡು ಬರತೊಡಗಿದ್ದಾರೆ. ಲೇಖಕರು ನಿಜ, ಪ್ರಕಾಶನದ ಹೆಸರು ನಿಜ. ಒಮ್ಮೊಮ್ಮೆ ಪುಸ್ತಕ ಮಾತ್ರ ಯಾರೂ ಬರೆಯದೆ ಇದ್ದದ್ದು. ಇಲ್ಲದ ಪುಸ್ತಕವನ್ನು ಇಲ್ಲವೆಂದು ಖಚಿತವಾಗಿ ಹೇಳುವುದು ಇರುವ ಪುಸ್ತಕವನ್ನು ಹುಡುಕಿಕೊಡುವುದಕ್ಕಿಂತ ಕಷ್ಟದ ಕೆಲಸವೆಂದು ಈಗ ತಿಳಿಯುತ್ತಿದೆ.

ಇದೆಲ್ಲದರ ನಡುವೆ, ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತು ಪತ್ರಿಕೆಗಾಗಿ ಕಾಯುವವರು ಇದ್ದೇ ಇದ್ದಾರೆ. ಅವರಲ್ಲಿ ಕೆಲವರ ಬಳಿ ಮಾತನಾಡುವ ಫೋನಷ್ಟೇ ಇದೆ, ಕೆಲವರ ಬಳಿ ಅದೂ ಇಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದದ್ದು ಇಂಥವರಿಗಾಗಿಯೇ. ಮನೆಯ ತೆರಿಗೆಯೊಡನೆ ನಾಗರಿಕ ತೆರುವ ಗ್ರಂಥಾಲಯ ಕರದಿಂದ ಈ ಬೆಂಚು, ಈ ದೀಪ, ಈ ಪತ್ರಿಕೆ ನಡೆಯುತ್ತಿವೆ. ಹೊಸ ಸಾಧನಗಳನ್ನು ನಾನು ಕಲಿಯುವುದು ಅವರನ್ನು ಬಿಟ್ಟು ಮುಂದೆ ಓಡುವುದಕ್ಕಲ್ಲ. ಅವರು ಕೇಳಿದ್ದನ್ನು ಅವರ ಪರವಾಗಿ ನಾನೇ ಹುಡುಕಿ, ಬೇಕಾದ ಪುಟವನ್ನು ದೊಡ್ಡಕ್ಷರದಲ್ಲಿ ಅಚ್ಚಿಳಿಸಿ ಅವರ ಕೈಯಲ್ಲಿಡುವುದಕ್ಕೆ.

ಸಾಧನಗಳು ಇನ್ನೂ ಬದಲಾಗುತ್ತವೆ; ಇಂದು ನಾನು ಹೇಳಿದ ಹೆಸರುಗಳಲ್ಲಿ ಹತ್ತು ವರ್ಷದ ಬಳಿಕ ಎಷ್ಟು ಉಳಿದಾವೋ ಹೇಳಲಾರೆ. ಯಾವುದೇ ಮಾತು ಎದುರಿಗೆ ಬಂದಾಗ, ಇದು ಯಾವ ಪುಸ್ತಕದ ಯಾವ ಪುಟದಲ್ಲಿದೆ ಎಂದು ಸೌಜನ್ಯದಿಂದ ಕೇಳುವ ಅಭ್ಯಾಸ ಉಳಿದರೆ ಸಾಕು. ಉತ್ತರ ಸಿಗದಿದ್ದರೆ ನಿಮ್ಮ ಊರಿನ ಗ್ರಂಥಾಲಯಕ್ಕೆ ಬನ್ನಿ. ಕೂಡಿ ಹುಡುಕೋಣ.