ಕಾಣದಾದ ಪಾಲು



ಹುಮನಾಬಾದ, ಬಸವಕಲ್ಯಾಣಗಳ ಸೀಮೆಯ ಘಾಟಬೋರಾಳದಂತಹ ಊರಿನಲ್ಲಿ ಉಪಾಧ್ಯಾಯರೊಬ್ಬರು ಮೊಹರಮ್ ಪದಗಳನ್ನೂ ಬೀಸುವ ಹಾಡುಗಳನ್ನೂ ಧ್ವನಿಮುದ್ರಿಸಿ ಕಂಪ್ಯೂಟರಿನಲ್ಲಿ ಇರಿಸಿದ್ದಾರೆಂದು ಭಾವಿಸೋಣ. ಅದರ ಒಂದೇ ಡಿಸ್ಕನ್ನು ವಿಂಡೋಸ್ ಮತ್ತು ಲಿನಕ್ಸ್ ಪಾಲು ಹಂಚಿಕೊಂಡಿವೆ. ಲಿನಕ್ಸನ್ನು ಹೊಸದಾಗಿ ಅಳವಡಿಸುವಾಗ ಆಯ್ಕೆ ತಪ್ಪಿತೆಂದರೆ ಹಾಡುಗಳಿದ್ದ ಪಾಲೇ ಕಾಣದಾಗುತ್ತದೆ.

ಆದರೆ ಪಹಣಿ ಹರಿದ ಮಾತ್ರಕ್ಕೆ ಹೊಲ ಮಾಯವಾಗುವುದುಂಟೆ? ಹಳೆಯ ಪದ್ಧತಿಯ ಡಿಸ್ಕಿನಲ್ಲಿ ಪಾಲುಗಳ ಪಹಣಿಗೆ ದೊರೆತ ಸ್ಥಳ, ಮೊದಲ 512 ಬೈಟುಗಳಲ್ಲಿ ಕೇವಲ 64. ಜಿಪಿಟಿ ಎಂಬ ಹೊಸ ಪದ್ಧತಿಯಲ್ಲಿ ಅದರ ನಕಲೊಂದು ಡಿಸ್ಕಿನ ಕೊನೆಯಲ್ಲಿಯೂ ಇರುತ್ತದೆ. ಪಹಣಿ ಅಳಿದರೂ ಪಾಲಿನ ಆರಂಭದಲ್ಲಿ ಅದರದೇ ಗುರುತು ಬಾಂದುಕಲ್ಲಿನಂತೆ ಉಳಿದಿರುತ್ತದೆ. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವು ಡಿಸ್ಕನ್ನು ಅಳೆಯುತ್ತ ಹೋಗಿ, ಆ ಕಲ್ಲುಗಳನ್ನು ಹುಡುಕಿ, ಪಹಣಿಯನ್ನು ಮತ್ತೆ ಬರೆಯಬಲ್ಲದು.

ನಿಜವಾದ ಅಪಾಯ ಗಾಬರಿಯಲ್ಲಿದೆ. ಅಲ್ಲಿ ಹೊಸ ಕಡತ ಬರೆಯುವುದೆಂದರೆ ನಿಂತ ಪೈರನ್ನು ಉತ್ತು ಬೇರೆ ಬಿತ್ತಿದಂತೆ. ಆದುದರಿಂದ ಯಂತ್ರವನ್ನು ಒಡನೆ ನಿಲ್ಲಿಸಬೇಕು. ಪೆನ್‌ಡ್ರೈವಿನಿಂದ ಲಿನಕ್ಸನ್ನು ಚಾಲೂ ಮಾಡಿ, ಇಡೀ ಡಿಸ್ಕಿನ ನಕಲನ್ನು ಬೇರೊಂದು ಡಿಸ್ಕಿಗೆ ಇಳಿಸಬೇಕು. ಹುಡುಕಾಟವೆಲ್ಲ ಆ ನಕಲಿನಲ್ಲಿಯೇ ನಡೆಯಬೇಕು. ಸಿಕ್ಕ ಪಾಲಿನೊಳಗೆ ಕಡತಗಳು ಕಂಡ ಮೇಲೆಯೇ ಪಹಣಿ ಬರೆಯುವುದು ಕ್ಷೇಮ.

ಹಾಡಿದ ಮುದುಕಿ ತೀರಿಕೊಂಡಿದ್ದರೆ ಆ ದನಿಯನ್ನು ಮತ್ತೆ ಮುದ್ರಿಸಲಾಗದು. ಕಲ್ಯಾಣದ ಶರಣರ ವಚನಗಳು ಹಲವು ಮನೆಗಳ ಓಲೆಗಳಲ್ಲಿ ನಕಲಾಗಿದ್ದುದರಿಂದಲೇ ಫ. ಗು. ಹಳಕಟ್ಟಿಯವರಿಗೆ ದೊರೆತು, 1923ರಲ್ಲಿ ‘ವಚನಶಾಸ್ತ್ರಸಾರ’ವಾಗಿ ಅಚ್ಚಾದವು. ನಮ್ಮ ಹಾಡುಗಳಿಗೂ ಎರಡನೆಯ ಮನೆಯೊಂದು ಇರಲಿ.