ಎತ್ತಿನ ಹಲ್ಲು ನೋಡುವ ನಾವು ನಮ್ಮ ಬಾಯಿಯನ್ನೂ ನೋಡಿಕೊಳ್ಳೋಣ

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ನಡೆದು ಬಂದ ದಾರಿ, ಲೆಕ್ಕಪತ್ರ, ಬೋನಸ್ಸು ಎಲ್ಲವನ್ನೂ ಹಿರಿಯರು ಹೇಳಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಆರೋಗ್ಯದ ಮಾತು. ಬಾಯಿಯ ವಿಚಾರವಾಗಿ ನಾಲ್ಕು ಮಾತು ಹೇಳಿ ಕೂರುತ್ತೇವೆ.

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾವು ಮೊದಲು ನೋಡುವುದು ಹಲ್ಲು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಅಂತ ದವಡೆ ಹಿಡಿದು ನೋಡ್ತೀವಿ. ಹಸು ಜೊಲ್ಲು ಸುರಿಸಿದರೆ ಕಾಲುಬಾಯಿ ಜ್ವರ ಇರಬಹುದು ಅಂತ ಆವತ್ತೇ ಡಾಕ್ಟರಿಗೆ ಹೇಳಿ ಕಳಿಸ್ತೀವಿ. ನಮ್ಮ ಬಾಯಲ್ಲಿ ಹುಣ್ಣಾದರೆ ಮಾತ್ರ "ಉಷ್ಣ ಆಗಿದೆ, ಎಳನೀರು ಕುಡಿದರೆ ಹೋಗುತ್ತೆ" ಅಂತ ತಿಂಗಳುಗಟ್ಟಲೆ ಸುಮ್ಮನಿರ್ತೀವಿ.

ನಮ್ಮ ಸದಸ್ಯರೊಬ್ಬರು ಹೀಗೇ ಎಂಟು ತಿಂಗಳು ಸುಮ್ಮನಿದ್ದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು. ಕೊಟ್ಟಿಗೆಯ ಮೂರು ಹಸು ಮಾರಿದರು. ಅವರು ಈ ಸಭೆಯಲ್ಲೇ ಇದ್ದಾರೆ. ಈ ಮಾತು ಹೇಳಿ ಅಂದವರೂ ಅವರೇ.

ಎರಡು ವಾರವಾದರೂ ವಾಸಿಯಾಗದ ಹುಣ್ಣು, ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಖಾರ ತಿಂದರೆ ತಡೆಯಲಾರದ ಉರಿ, ಬಾಯಿ ಪೂರ್ತಿ ತೆರೆಯಲು ಕಷ್ಟ, ಧ್ವನಿ ಬದಲಾಗುವುದು, ಇವುಗಳಲ್ಲಿ ಒಂದಿದ್ದರೂ ತಡಮಾಡಬೇಡಿ. ಮೊದಲು ನೋವಿರುವುದಿಲ್ಲ, ಅದೇ ಮೋಸ.

ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿ, ಹೆಂಡ ಇವು ಮುಖ್ಯ ಕಾರಣ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಈಗ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಬಾಯಿಗೆ ಬಿದ್ದ ಮೇಲೆ ಎರಡೂ ಒಂದೇ. ನಮ್ಮಲ್ಲಿ ಹಲವರ ತೋಟದಲ್ಲಿ ಅಡಿಕೆ ಇದೆ. ಶುಭಕಾರ್ಯದ ತಾಂಬೂಲವನ್ನು ದೂರಲು ನಾವು ನಿಂತಿಲ್ಲ. ಆದರೆ ಬೆಳೆದು ಬದುಕುವವರು ಅಂತ ನಿಜ ಮುಚ್ಚಿಡಬಾರದು. ತಂಬಾಕು ಇಲ್ಲದೆ ಬರೀ ಅಡಿಕೆ ಜಗಿಯುವುದೂ ಕ್ಯಾನ್ಸರ್‌ಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಬರೀ ಬಾಯಿ ನೋಡಿದರೆ ಏನು ಪ್ರಯೋಜನ ಅನ್ನಬಹುದು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ 2004ರವರೆಗೆ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತಪಾಸಣೆ ಮಾಡಿದರು. ತಪಾಸಣೆ ನಡೆಯದ ಪಂಚಾಯ್ತಿಗಳಿಗೆ ಹೋಲಿಸಿದರೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಬೇಕಾದದ್ದು ಬೆಳಕು ಮತ್ತು ಪಳಗಿದ ಕಣ್ಣು, ಅಷ್ಟೆ.

ಈಗ ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಬಿ.ಪಿ., ಸಕ್ಕರೆ ಕಾಯಿಲೆಯ ಜೊತೆಗೆ ಬಾಯಿಯ ತಪಾಸಣೆಯೂ ಸೇರಿದೆ. ಆಶಾ ಕಾರ್ಯಕರ್ತೆ ಫಾರಂ ತುಂಬಲು ಬಂದಾಗ ಎಲೆಅಡಿಕೆ, ಕಡ್ಡಿಪುಡಿಯ ಅಭ್ಯಾಸವನ್ನು ಮುಚ್ಚಿಡಬೇಡಿ. ಹೆಣ್ಣುಮಕ್ಕಳಂತೂ ಸಂಕೋಚ ಪಡಲೇಬಾರದು. ಬಿಡಬೇಕೆನ್ನುವವರಿಗೆ 1800-11-2356 ಎಂಬ ಉಚಿತ ದೂರವಾಣಿ ಇದೆ.

ಇನ್ನು ಹಲ್ಲಿನ ಮಾತು. ಇದ್ದಿಲು, ಇಟ್ಟಿಗೆ ಪುಡಿ ಹಲ್ಲಿನ ಹೊಳಪನ್ನೇ ಸವೆಸುತ್ತವೆ. ಫ್ಲೋರೈಡ್ ಇರುವ ಪೇಸ್ಟಿನಿಂದ ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಉಜ್ಜಬೇಕು. ವಸಡಿನಲ್ಲಿ ರಕ್ತ ಬಂದರೆ ತೋರಿಸಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟ.

ಸಂಘದಲ್ಲಿ ದಿನಾ ಎರಡು ಹೊತ್ತು ಡಿಗ್ರಿ, ಫ್ಯಾಟು ನೋಡ್ತಾರೆ. ನಮ್ಮ ಹಾಲನ್ನು ಅನುಮಾನಿಸಿದರು ಅಂತ ಯಾರೂ ಸಿಟ್ಟಾಗುವುದಿಲ್ಲ. ಬಾಯಿ ತಪಾಸಣೆಯೂ ಹಾಗೆಯೇ. ಆದ್ದರಿಂದ ನಮ್ಮ ಸೂಚನೆ ಇಷ್ಟೇ: ಬೆಳಗಿನ ಹಾಲು ಹಾಕಿದ ಮೇಲೆ ಸಂಘದ ಆವರಣದಲ್ಲೇ ಒಂದು ದಿನ ತಪಾಸಣೆ ಇಡಬೇಕೆಂದು ಆರೋಗ್ಯ ಕೇಂದ್ರಕ್ಕೆ ಸಂಘದಿಂದ ಪತ್ರ ಬರೆಯೋಣ. ಮೊದಲ ಸಾಲಿನಲ್ಲಿ ನಿರ್ದೇಶಕರಾದ ನಾವೇ ಬಾಯಿ ತೆರೆದು ನಿಲ್ಲುತ್ತೇವೆ. ತಾವೆಲ್ಲ ಕೈಯೆತ್ತಿ ಇದಕ್ಕೆ ಒಪ್ಪಿಗೆ ಕೊಡಬೇಕೆಂದು ಕೋರಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ.