ಮಿಥುನ ರಾಶಿಯವರಿಗೆ ಆಸ್ಪಿರಿನ್ ಕೆಲಸ ಮಾಡಲ್ವಾ?

ಇವತ್ತಿನ ವಿಷಯ ಹಾರ್ಟ್ ಅಟ್ಯಾಕ್. ಆದರೆ ಶುರು ಮಾಡೋದು ರಾಶಿಯಿಂದ. 1988ರಲ್ಲಿ 'ಲ್ಯಾನ್ಸೆಟ್' ಅನ್ನೋ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂತು. ಅದರ ಪ್ರಕಾರ ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಲಾಭವೇ ಇಲ್ಲ! ನಗಬೇಡಿ, ಅಥವಾ ನಕ್ಕೇ ಕೇಳಿ.

ಕತೆಯ ಒಂದು ಎಳೆ ನಮ್ಮ ಬೆಂಗಳೂರಲ್ಲೇ ಇದೆ. ಕೇರಳದಲ್ಲಿ ಹುಟ್ಟಿದ ಸಲೀಂ ಯೂಸುಫ್ ಡಾಕ್ಟರಿಕೆ ಓದಿದ್ದು ಇಲ್ಲಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. 1976ರಲ್ಲಿ ರೋಡ್ಸ್ ಸ್ಕಾಲರ್‌ಶಿಪ್ ಸಿಕ್ಕಿ ಆಕ್ಸ್‌ಫರ್ಡ್‌ಗೆ ಹೋದರು. ಅವರು, ರೋರಿ ಕಾಲಿನ್ಸ್, ರಿಚರ್ಡ್ ಪೀಟೊ ಮೂವರೂ 1984ರಲ್ಲಿ ಒಂದು ಲೇಖನ ಬರೆದರು. ವಾದ ಸರಳ: ಹೃದಯದ ಔಷಧಿಗಳು ಪವಾಡ ಮಾಡಲ್ಲ, ಸ್ವಲ್ಪ ಸ್ವಲ್ಪ ಜೀವ ಉಳಿಸ್ತವೆ. ಆ 'ಸ್ವಲ್ಪ' ಇನ್ನೂರು ರೋಗಿಗಳಲ್ಲಿ ಕಣ್ಣಿಗೇ ಬೀಳಲ್ಲ. ಸಾವಿರಾರು ಜನ ಬೇಕು. ಅಷ್ಟು ಜನ ಸೇರಬೇಕು ಅಂದ್ರೆ ಡಾಕ್ಟರಿಗೆ ಫಾರಂ ತುಂಬೋ ಕೆಲಸ ಕಡಿಮೆ ಇರಬೇಕು. ನಾನು ಓದಿದ್ದು ಬಿಕಾಂ, ನಂಗೆ ಇದು ಬೇಗ ಅರ್ಥ ಆಯ್ತು. ನಾಲ್ಕು ವೋಚರ್ ನೋಡಿ ಇಡೀ ಕಂಪನಿ ಲೆಕ್ಕಕ್ಕೆ ಸಹಿ ಹಾಕೋಕಾಗುತ್ತಾ?

ಇದೇ ದಾರಿಯಲ್ಲಿ ಆಕ್ಸ್‌ಫರ್ಡ್ ತಂಡ ನಡೆಸಿದ್ದು 'ಐಸಿಸ್-2' ಪ್ರಯೋಗ. 16 ದೇಶ, 417 ಆಸ್ಪತ್ರೆ, 17,187 ರೋಗಿಗಳು. ಎಲ್ಲರೂ ಹಾರ್ಟ್ ಅಟ್ಯಾಕ್ ಶಂಕೆಯಿಂದ ಬಂದವರು. ಯಾರಿಗೆ ಆಸ್ಪಿರಿನ್, ಯಾರಿಗೆ ಔಷಧಿಯಿಲ್ಲದ ಮಾತ್ರೆ ಅನ್ನೋದನ್ನ ನಾಣ್ಯ ಚಿಮ್ಮಿದ ಹಾಗೆ ನಿರ್ಧರಿಸಿದ್ರು. ಡಾಕ್ಟರ್ ಆರಿಸೋ ಹಾಗಿಲ್ಲ. ಆರಿಸಿದ್ರೆ ಗಟ್ಟಿಮುಟ್ಟಾಗಿದ್ದವರೆಲ್ಲ ಒಂದೇ ಕಡೆ ಸೇರಿಬಿಡಬಹುದು, ಆಮೇಲೆ ಹೋಲಿಕೆಗೆ ಬೆಲೆ ಇರಲ್ಲ.

ಐದು ವಾರದ ಲೆಕ್ಕ: ಖಾಲಿ ಮಾತ್ರೆ ಪಡೆದ 8,600 ಜನರಲ್ಲಿ ಹೃದಯ, ರಕ್ತನಾಳದ ಕಾರಣಕ್ಕೆ 1,016 ಸಾವು. ಆಸ್ಪಿರಿನ್ ಪಡೆದ 8,587 ಜನರಲ್ಲಿ 804. ಅಷ್ಟು ಅಗ್ಗದ ಮಾತ್ರೆಯಿಂದ!

ಹಾಗಾದ್ರೆ ರಾಶಿ? ಇಷ್ಟು ಜನರನ್ನ ವಯಸ್ಸು, ಲಿಂಗ ಅಂತ ಚಿಕ್ಕ ಚಿಕ್ಕ ಗುಂಪು ಮಾಡಿ ನೋಡಿದ್ರೆ ಎಲ್ಲಾದರೂ ಒಂದು ಕಡೆ ವಿಚಿತ್ರ ಉತ್ತರ ಬಂದೇ ಬರುತ್ತೆ, ಬರೀ ಅದೃಷ್ಟದಾಟ. ಅದನ್ನ ತೋರಿಸೋಕೆ ಅವರು ಬೇಕಂತಲೇ ಹುಟ್ಟಿದ ದಿನಾಂಕದ ಪ್ರಕಾರ ರಾಶಿಯ ಲೆಕ್ಕವನ್ನೂ ಹಾಕಿದ್ರು. 'ಈ ಮಾತ್ರೆ ಹೆಂಗಸರಿಗೆ ಕೆಲಸ ಮಾಡಲ್ಲ' ಥರದ ಹೆಡ್‌ಲೈನ್ ಕಂಡಾಗ ನಂಗೆ ಈ ಮಿಥುನ ರಾಶಿ ನೆನಪಾಗುತ್ತೆ.

ಅಂದಹಾಗೆ, ಇದನ್ನ ಕೇಳಿ ದಿನಾ ಆಸ್ಪಿರಿನ್ ನುಂಗೋಕೆ ಶುರು ಮಾಡಬೇಡಿ, ರಕ್ತಸ್ರಾವದ ಅಪಾಯ ಇದೆ. ಅದನ್ನ ಡಾಕ್ಟರ್ ಹೇಳಲಿ. ಎದೆನೋವು ಬಂದ್ರೆ ಗೂಗಲ್ ಬೇಡ, 108ಕ್ಕೆ ಕಾಲ್ ಮಾಡಿ.

ಯೂಸುಫ್ ಆಮೇಲೆ ಕೆನಡಾ ಸೇರಿದ್ರು, ಆದರೆ ಇಲ್ಲಿನ ನಂಟು ಬಿಡಲಿಲ್ಲ. ಬಿಪಿ, ಕೊಲೆಸ್ಟ್ರಾಲ್ ಔಷಧಿಗಳನ್ನ ಒಂದೇ ಗುಳಿಗೆಯಲ್ಲಿ ಸೇರಿಸಿದ 'ಪಾಲಿಪಿಲ್' ಕುರಿತ ಅವರ ದೊಡ್ಡ ಪ್ರಯೋಗ 2020ರಲ್ಲಿ ಪ್ರಕಟವಾಯ್ತು. ಅದರಲ್ಲಿ 5,713 ಜನ ಇದ್ರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಭಾರತದವರೇ.